ಗಾಜು ತೊಳೆಯೋ ನೀರು ಸೋರ್ತಿದೆಯಾ? ಗ್ಯಾರೇಜ್‌ಗೆ ಹೋಗೋ ಮುಂಚೆ ಹೀಗೆ ಪತ್ತೆ ಮಾಡಿ

ಈ ವಾರ ಬೆಳೆ ಬಗ್ಗೆ ಅಲ್ಲ, ಬೆಳೆ ಸಾಗಿಸೋ ಗಾಡಿ ಬಗ್ಗೆ ಮಾತಾಡೋಣ. ನಮ್ಮಲ್ಲಿ ತುಂಬಾ ಜನ ಪಿಕಪ್‌ನಲ್ಲೋ ಹಳೇ ಕಾರಿನಲ್ಲೋ ತರಕಾರಿ, ಹೂವು ತುಂಬಿಕೊಂಡು ಬೆಳಗಿನ ಜಾವವೇ ಮಾರುಕಟ್ಟೆಗೆ ಹೊರಡ್ತೀವಿ. ಹೊಲದ ದಾರಿಯ ಧೂಳು, ಮಳೆಗಾಲದಲ್ಲಿ ಮುಂದಿನ ಲಾರಿ ಎರಚುವ ಕೆಸರು, ಎಲ್ಲಾ ಬಂದು ಕೂರೋದು ಮುಂದಿನ ಗಾಜಿನ ಮೇಲೆ. ಆಗ ವಾಷರ್ ನೀರು ಬರಲಿಲ್ಲ ಅಂದ್ರೆ ಒಣ ವೈಪರ್ ಆ ಕೆಸರನ್ನ ಗಾಜಿಗೆಲ್ಲಾ ಸವರಿಬಿಡುತ್ತೆ. ಎದುರು ಗಾಡಿಯ ಲೈಟ್ ಬಿದ್ದ ಕೂಡಲೇ ರಸ್ತೆಯೇ ಕಾಣಲ್ಲ. ಹಾಗಾಗಿ ವಾಷರ್ ಸೋರಿಕೆಯನ್ನ ಸಣ್ಣ ರಿಪೇರಿ ಅಂತ ಮುಂದಕ್ಕೆ ಹಾಕಬೇಡಿ.

ಖುಷಿಯ ವಿಷಯ ಏನಂದ್ರೆ, ಈ ವ್ಯವಸ್ಥೆ ನಿಮಗೆ ಹೊಸದಲ್ಲ. ಬ್ಯಾಟರಿ ಸ್ಪ್ರೇಯರ್ ಇದ್ದ ಹಾಗೇ ಇದು. ಒಂದು ಪ್ಲಾಸ್ಟಿಕ್ ಟ್ಯಾಂಕ್, ಅದರ ಬುಡದಲ್ಲಿ 12 ವೋಲ್ಟ್‌ನ ಪುಟ್ಟ ಮೋಟಾರ್, ಮೋಟಾರ್ ಮತ್ತು ಟ್ಯಾಂಕ್ ಸೇರೋ ಕಡೆ ರಬ್ಬರ್ ವಾಷರ್, ಅಲ್ಲಿಂದ ಸಣ್ಣ ಪೈಪ್, ಕೊನೆಗೆ ನಾಝಲ್. ಟ್ಯಾಂಕ್ ಬಹಳಷ್ಟು ಗಾಡಿಗಳಲ್ಲಿ ಮುಂದಿನ ಬಂಪರ್ ಹಿಂದೆ ಅಥವಾ ಚಕ್ರದ ಪಕ್ಕದ ಮಡ್‌ಗಾರ್ಡ್ ಒಳಗೆ ಇರುತ್ತೆ. ನೀರು ತುಂಬುವ ಮುಚ್ಚಳ ಮಾತ್ರ ಬಾನೆಟ್ ಕೆಳಗೆ ಕಾಣುತ್ತೆ, ಅದರ ಮೇಲೆ ಗಾಜು ಮತ್ತು ಚಿಮ್ಮುವ ನೀರಿನ ಗುರುತು ಇರುತ್ತೆ.

ಮೊದಲು ಸೋರ್ತಿರೋದು ಏನು ಅಂತ ನೋಡಿ

ಗಾಡಿ ಕೆಳಗೆ ಒದ್ದೆ ಕಂಡ್ರೆ ಎಲ್ಲವೂ ವಾಷರ್ ನೀರಲ್ಲ. ಎಸಿ ಹಾಕಿದಾಗ ತೊಟ್ಟಿಕ್ಕುವ ತಿಳಿ ನೀರು ಸಹಜ, ಚಿಂತೆ ಬೇಡ. ಹಸಿರು, ಗುಲಾಬಿ ಅಥವಾ ಕೆಂಪು ಬಣ್ಣ ಇದ್ದು ಮುಟ್ಟಿದ್ರೆ ಜಾರುವಂತಿದ್ರೆ ಅದು ಕೂಲಂಟ್ ಆಗಿರಬಹುದು. ಕೂಲಂಟ್ ಕಡಿಮೆಯಾದ ಗಾಡಿ ಓಡಿಸಿದ್ರೆ ಇಂಜಿನ್ ಸುಟ್ಟುಹೋಗುತ್ತೆ, ಅದನ್ನ ತಕ್ಷಣ ಮೆಕ್ಯಾನಿಕ್‌ಗೆ ತೋರಿಸಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೀಲೇಬೇಡಿ. ಕೂಲಂಟ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಕರು ನೆಕ್ಕದ ಹಾಗೆ ಆ ಜಾಗ ತೊಳೆದುಬಿಡಿ.

ಯಾವಾಗ ಸೋರುತ್ತೆ ಅನ್ನೋದೇ ಸುಳಿವು

ಸಂಜೆ ಗಾಡಿಯನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ವಾಷರ್ ಟ್ಯಾಂಕ್ ಪೂರ್ತಿ ತುಂಬಿಸಿ. ನೀರಿಗೆ ಕೇಸರಿಬಾತ್‌ಗೆ ಹಾಕೋ ಬಣ್ಣ ಒಂದು ಚಿಟಿಕೆ ಬೆರೆಸಿ. ಗಾಡಿ ಮುಂಭಾಗದ ಕೆಳಗೆ ಒಣ ರಟ್ಟು ಹಾಸಿ, ಬೆಳಿಗ್ಗೆ ಬಂದು ನೋಡಿ.

ರಟ್ಟು ಒದ್ದೆಯಾಗಿ ಟ್ಯಾಂಕ್ ಪೂರ್ತಿ ಖಾಲಿಯಾಗಿದ್ರೆ ಮೊದಲ ಅನುಮಾನ ಬುಡದ ರಬ್ಬರ್ ವಾಷರ್ ಅಥವಾ ಮೋಟಾರ್ ಮೇಲೆ. ಬುಡದ ಹತ್ತಿರ ಪೈಪ್ ಕಡಿದುಹೋಗಿದ್ರೂ ಹೀಗೇ ಆಗುತ್ತೆ, ಯಾಕಂದ್ರೆ ಮೋಟಾರ್ ನಿಂತಿದ್ರೂ ಅದರೊಳಗಿಂದ ನೀರು ಇಳಿದುಹೋಗಬಹುದು.

ನೀರು ಅರ್ಧಕ್ಕೋ ಮುಕ್ಕಾಲಿಗೋ ಇಳಿದು ಅಲ್ಲೇ ನಿಂತಿದ್ರೆ, ಟ್ಯಾಂಕ್‌ನಲ್ಲಿ ಅದೇ ಮಟ್ಟದಲ್ಲಿ ಬಿರುಕು ಹುಡುಕಿ. ತೂತು ಬಿದ್ದ ಡ್ರಮ್‌ನಲ್ಲಿ ನೀರು ಎಲ್ಲಿಗೆ ನಿಲ್ಲುತ್ತೆ ಅಂತ ನಿಮಗೆ ಗೊತ್ತಲ್ಲ, ಅದೇ ಲೆಕ್ಕ.

ರಾತ್ರಿಯೆಲ್ಲಾ ಒಂದು ಹನಿಯೂ ಬೀಳದೆ, ಸ್ವಿಚ್ ಒತ್ತಿದಾಗ ಮಾತ್ರ ಸೋರಿದ್ರೆ ತೊಂದರೆ ಮೇಲಿನ ಪೈಪ್‌ನಲ್ಲಿ. ಬಾನೆಟ್ ತೆರೆದು ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಮೊಬೈಲ್ ಟಾರ್ಚ್ ಹಿಡಿದು ನೋಡಲಿ. ಇಂಜಿನ್ ಆಫ್ ಇರಲಿ, ಕೀ ಆನ್ ಇದ್ರೆ ಸಾಕು. ಬಾನೆಟ್ ಕೀಲಿನ ಹತ್ತಿರ ಪೈಪ್ ಮಡಚಿ ಮಡಚಿ ಸೀಳುತ್ತೆ. ಎರಡು ನಾಝಲ್‌ಗೆ ಕವಲೊಡೆಯುವ ಜಾಯಿಂಟ್ ಕಳಚಿಕೊಳ್ಳುತ್ತೆ. ಹಿಂದಿನ ಗಾಜಿಗೂ ವಾಷರ್ ಇರೋ ಕಾರಾದ್ರೆ ಆ ಪೈಪ್ ಕಾರಿನ ಒಳಗಿಂದಲೇ ಹಿಂದಕ್ಕೆ ಹೋಗಿರುತ್ತೆ. ಸೀಟಿನ ಕೆಳಗಿನ ಮ್ಯಾಟ್ ಸುಮ್ಮನೆ ಒದ್ದೆಯಾಗ್ತಿದ್ರೆ ಅದನ್ನೂ ನೋಡಿ.

ಮೋಟಾರ್ ಗುಂಯ್ ಅಂತ ಸದ್ದು ಮಾಡ್ತಿದೆ, ಎಲ್ಲೂ ಸೋರಿಕೆಯಿಲ್ಲ, ಆದ್ರೂ ನೀರು ಬರ್ತಿಲ್ಲ ಅಂದ್ರೆ ನಾಝಲ್ ಕಟ್ಟಿದೆ, ಸಣ್ಣ ಪಿನ್ನಿನಿಂದ ಬಿಡಿಸಿ. ಸದ್ದೇ ಇಲ್ಲ ಅಂದ್ರೆ ಮೊದಲು ಫ್ಯೂಸ್ ನೋಡಿ.

ರಿಪೇರಿ ಹೇಗೆ?

ಪೈಪ್: ತುದಿ ಸಡಿಲವಾಗಿದ್ರೆ ಅರ್ಧ ಇಂಚು ಕತ್ತರಿಸಿ, ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಮತ್ತೆ ಒತ್ತಿ ಕೂರಿಸಿ. ಡ್ರಿಪ್ ಪೈಪ್ ಕೂರಿಸೋ ಉಪಾಯವೇ ಇದು. ನಡುವೆ ಸೀಳಿದ್ರೆ ಆ ಭಾಗ ಕತ್ತರಿಸಿ ಜಾಯಿನರ್ ಹಾಕಿ. ಕತ್ತರಿಸಿದ ತುಂಡನ್ನೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹಿಡ್ಕೊಂಡು ಹೋದ್ರೆ ಸೈಜ್ ತಪ್ಪಲ್ಲ.

ರಬ್ಬರ್ ವಾಷರ್: ಕೆಳಗೆ ಬಕೆಟ್ ಇಡಿ, ವೈರ್ ಕಳಚಿ, ಮೋಟಾರನ್ನ ಮೆಲ್ಲಗೆ ಅಲುಗಾಡಿಸುತ್ತಾ ಎಳೆಯಿರಿ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ನಿಮ್ಮ ಮಾಡೆಲ್‌ಗೆ ಸರಿಯಾದದ್ದನ್ನೇ ತನ್ನಿ. ಅಲ್ಲೇ ಜಾಲರಿ ಇದ್ರೆ ತೊಳೆಯಿರಿ. ಹೊಸದನ್ನ ಕೂರಿಸುವಾಗ ಸೋಪಿನ ನೀರು ಸವರಿ. ಗ್ರೀಸ್, ಇಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬಿ ಹಾಳಾಗಬಹುದು.

ಟ್ಯಾಂಕ್: ಬಿರುಕಿಗೆ ಅಂಟು ಹಚ್ಚಿದ್ರೆ ಹೆಚ್ಚು ದಿನ ನಿಲ್ಲಲ್ಲ. ಡ್ರಮ್ಮಿನಂಥ ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಹಿಡಿಯೋದೇ ಕಷ್ಟ. ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಿ, ಇಲ್ಲವೇ ಟ್ಯಾಂಕ್ ಬದಲಿಸಿ.

ಒಂದು ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ. ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ಒಂದು ಬದಿಗೆ ತಿರುಗಿಸಿ ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ಬಿಚ್ಚಿದ್ರೆ ಕೈ ಒಳಗೆ ಹೋಗುತ್ತೆ. ಬಂಪರ್ ಬಿಚ್ಚಬೇಕಾದ್ರೆ ಗ್ಯಾರೇಜ್‌ಗೇ ಕೊಡಿ. "ವಾಷರ್ ಕೆಲಸ ಮಾಡ್ತಿಲ್ಲ" ಅನ್ನೋದಕ್ಕಿಂತ "ಬುಡದ ರಬ್ಬರ್ ಹತ್ತಿರ ಸೋರ್ತಿದೆ" ಅಂತ ಹೇಳಿದ್ರೆ ಹುಡುಕಾಟದ ಸಮಯವೂ ಉಳಿಯುತ್ತೆ, ಬಿಲ್ಲೂ ಇಳಿಯುತ್ತೆ.

ಮತ್ತೆ ಸೋರದಿರಲಿ ಅಂದ್ರೆ

ಕೊಟ್ಟಿಗೆ, ಹಿಂಡಿ ಚೀಲದ ಪಕ್ಕ ಗಾಡಿ ನಿಲ್ಲಿಸಿದ್ರೆ ಇಲಿ ಬಾನೆಟ್ ಒಳಗೆ ಸೇರಿಕೊಂಡು ಪೈಪ್, ವೈರ್ ಎರಡನ್ನೂ ಕಡಿಯುತ್ತೆ. ಜಾಗ ಬದಲಿಸಿ, ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಿ.

ಗಡಸು ಬೋರ್‌ವೆಲ್ ನೀರು ಡ್ರಿಪ್ಪರ್ ಕಟ್ಟಿಸಿದ ಹಾಗೇ ನಾಝಲ್ ಕೂಡ ಕಟ್ಟಿಸುತ್ತೆ. ಸೋಸಿದ ಮಳೆನೀರು ಅಥವಾ ಆರ್‌ಓ ನೀರಿಗೆ ವಾಷರ್ ದ್ರವ ಬೆರೆಸಿ ಹಾಕಿ. ಬಟ್ಟೆ ಸೋಪಿನ ಪುಡಿ ಹಾಕಬೇಡಿ, ಕರಗದೆ ಉಳಿದದ್ದು ಜಾಲರಿಯಲ್ಲಿ ಕೂರುತ್ತೆ.

ಟ್ಯಾಂಕ್ ಖಾಲಿ ಇರುವಾಗ ಸ್ವಿಚ್ ಒತ್ತಿ ಹಿಡಿಯಬೇಡಿ, ಮೋಟಾರ್ ಸುಡುತ್ತೆ.

ಔಷಧಿ ಹೊಡೆದು ಉಳಿದ ದ್ರಾವಣವನ್ನ, ಅದು ಬೇವಿನೆಣ್ಣೆಯದ್ದಾದ್ರೂ, ಈ ಟ್ಯಾಂಕಿಗೆ ಸುರಿಯಬೇಡಿ. ಎಣ್ಣೆ ಗಾಜನ್ನ ಮಸುಕು ಮಾಡುತ್ತೆ. ಅದೂ ಅಲ್ಲದೆ ಕ್ಯಾಬಿನ್‌ಗೆ ಗಾಳಿ ಹೋಗೋ ಕಿಂಡಿ ಸಾಮಾನ್ಯವಾಗಿ ಗಾಜಿನ ಬುಡದಲ್ಲೇ ಇರೋದು. ಔಷಧಿಯ ಹಬೆ ನೇರ ನಿಮ್ಮ ಉಸಿರಿಗೇ ಬರುತ್ತೆ.

ರಿಪೇರಿ ಆಗೋವರೆಗೂ ಎರಡು ಲೀಟರ್ ನೀರಿನ ಬಾಟಲ್, ಒಂದು ಮೆತ್ತನೆ ಬಟ್ಟೆ ಸೀಟಿನ ಪಕ್ಕ ಇರಲಿ. ಗಾಜು ಮಸುಕಾದ್ರೆ ರಸ್ತೆ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಮೊದಲು ನೀರು ಸುರಿದು ಆಮೇಲೆ ಒರೆಸಿ. ಒಣ ಧೂಳಿನ ಮೇಲೆ ವೈಪರ್ ಓಡಿಸಿದ್ರೆ ಗಾಜಿಗೆ ಗೀರು ಬೀಳುತ್ತೆ. ಆ ಗೀರಿನ ಮೇಲೆ ರಾತ್ರಿ ಲೈಟ್ ಬಿದ್ದಾಗ ಕಣ್ಣಿಗೆ ಹೊಡೆಯುತ್ತೆ, ಆಮೇಲೆ ಗಾಜನ್ನೇ ಬದಲಿಸಬೇಕಾಗುತ್ತೆ. ಇವತ್ತು ಸಂಜೆಯೇ ಒಂದು ರಟ್ಟು ಹಾಸಿ ನೋಡಿ.