ಬಿಗಿದ ಉಕ್ಕು ಸಡಿಲುವ ಬಗೆ

ಕುರಕುಂಟಾ, ಶಹಾಬಾದಗಳ ಸುಣ್ಣಕಲ್ಲು ಪದರಪದರವಾಗಿದೆ. ಇಂಥ ಪದರಗಳ ನಡುವೆ ಜೇಡಿಯಿದ್ದು, ಅವು ಇಳಿಜಾರಿನತ್ತ ವಾಲಿದ್ದರೆ ಬಂಡೆ ಜಾರೀತು. ಅದನ್ನು ತಡೆಯಲು ಆಳವಾದ ರಂಧ್ರ ಕೊರೆದು, ಉಕ್ಕಿನ ತಂತಿಗಳ ಒಳತುದಿಯನ್ನು ಸಿಮೆಂಟಿನಲ್ಲಿ ಹುದುಗಿಸಿ, ಹೊರತುದಿಯನ್ನು ಜಗ್ಗಿ ಬಿಗಿಯುತ್ತಾರೆ. 1934ರಲ್ಲಿ ಆಲ್ಜೀರಿಯದ ಶೆರ್ಫಾ ಅಣೆಕಟ್ಟನ್ನು ಆಂದ್ರೆ ಕೊಯ್ನ್ ಹೀಗೆಯೇ ಭದ್ರಪಡಿಸಿದರು.

ಆದರೆ ಈ ಬಿಗಿತ ಸ್ಥಿರವಲ್ಲ. ಉದ್ದ ಬದಲಾಗದಿದ್ದರೂ ಉಕ್ಕಿನ ಸೆಳೆತ ಮೆಲ್ಲನೆ ಕುಗ್ಗುತ್ತದೆ. ನೆಲವೂ ಕೊಂಚಕೊಂಚವಾಗಿ ಸರಿಯುತ್ತದೆ. ಮುಂದಿನದನ್ನು ನಾವು ಅರಿಯುವುದೆಂತು? 10ರಿಂದ 100 ಗಂಟೆಗೆ ಎಷ್ಟು ನಷ್ಟವೋ, 100ರಿಂದ 1,000 ಗಂಟೆಗೂ ಸುಮಾರು ಅಷ್ಟೇ. ನಷ್ಟವು ಕಾಲದ ಲಾಗರಿತಮ್ಮನ್ನು ಅನುಸರಿಸುತ್ತದೆ. ಪ್ರತಿ ಹತ್ತುಪಟ್ಟಿಗೆ ಶೇಕಡ 1 ಎಂದಿಟ್ಟುಕೊಳ್ಳೋಣ. 1,000 ಗಂಟೆ, ಎಂದರೆ 42 ದಿನ ಅಳೆದ ಮೇಲೆ, 10 ಲಕ್ಷ ಗಂಟೆಗೆ, ಎಂದರೆ 114 ವರ್ಷಕ್ಕೆ, ಇನ್ನು ಶೇಕಡ 3 ಮಾತ್ರ! ಜೇಡಿನೆಲ ಈ ನಿಯಮವನ್ನು ಮೀರಬಹುದು. ಆದ್ದರಿಂದ ಅಳತೆಯನ್ನು ನಿಲ್ಲಿಸಬಾರದು.