ಲಂಟಾನ ಮೇಯ್ದ ಹಸುವಿಗೆ ಬಿಸಿಲೇ ಶತ್ರು

ಶಿವಮೊಗ್ಗ: ಭದ್ರಾವತಿ ಸುತ್ತಲಿನ ಕಾಡಂಚಿನಲ್ಲಿ, ರಸ್ತೆಬದಿಯಲ್ಲಿ ಲಂಟಾನ ಪೊದೆಗೆ ಬರವಿಲ್ಲ. 19ನೇ ಶತಮಾನದ ಆರಂಭದಲ್ಲಿ ಅಂದದ ಹೂಗಿಡವೆಂದು ಭಾರತಕ್ಕೆ ಬಂದ ಇದು ಇಂದು ಭದ್ರಾ ಅಭಯಾರಣ್ಯವನ್ನೂ ಆವರಿಸಿದೆ. ಪರಿಚಯವಿರುವ ಜಾನುವಾರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಮೇವು ಬತ್ತಿದಾಗ ಹಸಿದವು, ಸಂತೆಯಿಂದ ಹೊಸದಾಗಿ ಬಂದವು ಎಲೆ ತಿನ್ನುತ್ತವೆ.

ಕೆಲವೇ ದಿನಗಳಲ್ಲಿ ಹಸು ಮೇವು ಬಿಟ್ಟು ನೆರಳು ಹುಡುಕುತ್ತದೆ. ಮೂತಿ, ಕಿವಿ, ಕೆಚ್ಚಲು ಕೆಂಪೇರಿ ಚರ್ಮ ಬಿರಿಯುತ್ತದೆ. ಮೇಲ್ನೋಟಕ್ಕೆ ಇದು ಚರ್ಮರೋಗ, ಮೂಲವಿರುವುದು ಯಕೃತ್ತಿನಲ್ಲಿ.

ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷ ಯಕೃತ್ತಿಗೆ ಪೆಟ್ಟು ಕೊಟ್ಟು ಪಿತ್ತರಸದ ಹರಿವನ್ನು ತಡೆಯುತ್ತದೆ. ಹಸಿರು ಮೇವಿನ ಪತ್ರಹರಿತ್ತು ಮೆಲುಕು ಹಾಕುವ ಹೊಟ್ಟೆಯಲ್ಲಿ ಒಡೆದಾಗ ಫಿಲೊಎರಿತ್ರಿನ್ ಎಂಬ ವಸ್ತು ಹುಟ್ಟುತ್ತದೆ. ಆರೋಗ್ಯವಂತ ಹಸುವಿನಲ್ಲಿ ಅದು ಪಿತ್ತದ ಮೂಲಕ ಹೊರಹೋಗುತ್ತದೆ. ದಾರಿ ಮುಚ್ಚಿದರೆ ರಕ್ತದಲ್ಲಿ ಉಳಿದು ಚರ್ಮ ಸೇರುತ್ತದೆ. ಅಲ್ಲಿ ಬೆಳಕು ಬಿದ್ದೊಡನೆ ಜೀವಕೋಶಗಳು ಸುಡುತ್ತವೆ. ಕಪ್ಪು ಚರ್ಮಕ್ಕೆ ವರ್ಣದ್ರವ್ಯದ ರಕ್ಷಣೆಯಿದೆ. ಮಿಶ್ರತಳಿ ಹಸುಗಳ ಬಿಳಿ ಮಚ್ಚೆಗಳೇ ಹೆಚ್ಚು ನೋಯುತ್ತವೆ.

ಮುಲಾಮು ಹಚ್ಚಿದರಷ್ಟೇ ಸಾಲದು. ವಿಷದಿಂದಾಗಿ ಹೊಟ್ಟೆಯ ಚಲನೆ ನಿಂತಿರುವುದರಿಂದ, ಲಂಟಾನ ತಿನ್ನುವುದನ್ನು ಬಿಟ್ಟ ಮೇಲೂ ಒಳಗಿರುವ ಎಲೆಯಿಂದ ವಿಷ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅದನ್ನು ಹೀರಿಕೊಳ್ಳಲು ಪಶುವೈದ್ಯರು ಸಕ್ರಿಯ ಇದ್ದಿಲಿನ ಪುಡಿ ಕುಡಿಸುತ್ತಾರೆ. ಹಸುವನ್ನು ಕೊಟ್ಟಿಗೆಯ ನೆರಳಿನಲ್ಲೇ ಕಟ್ಟಬೇಕು. ಕಣ್ಣು ಹಳದಿಯಾಗಿದ್ದರೆ ತಡಮಾಡುವಂತಿಲ್ಲ.

ಪೇಟೆಯವರಿಗೂ ಇಂಥದೇ ಅಪಾಯವುಂಟು, ದಾರಿ ಬೇರೆ. ಬಾವಂಚಿ ಬೀಜದ ಸೋರಾಲೆನ್ ಯಕೃತ್ತಿನ ನೆರವಿಲ್ಲದೆ ನೇರವಾಗಿ ಚರ್ಮವನ್ನು ಬೆಳಕಿಗೆ ಒಡ್ಡುತ್ತದೆ. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲು ಕಾಯಿಸುವ ಪದ್ಧತಿಯ ಗುಟ್ಟು ಇದೇ. ಆಧುನಿಕ ವೈದ್ಯರೂ ಸೋರಾಲೆನ್ ಬಳಸುತ್ತಾರೆ, ಆದರೆ ಔಷಧಿಯನ್ನೂ ಬೆಳಕನ್ನೂ ಅಳೆದು ಕೊಡುತ್ತಾರೆ. ಮನೆಯಲ್ಲಿ ಅಂದಾಜಿನಿಂದ ಮಾಡಿಕೊಂಡರೆ ಬಣ್ಣ ಬರುವ ಬದಲು ಬೊಬ್ಬೆ ಬರಬಹುದು. ಬಾವಂಚಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ.

ಈ ವಸ್ತುವನ್ನು ಕೆರಳಿಸುವುದು 320ರಿಂದ 400 ನ್ಯಾನೊಮೀಟರ್ ಅಳತೆಯ ಅತಿನೇರಳೆ ಕಿರಣ. ಕಿಟಕಿಯ ಸಾಮಾನ್ಯ ಗಾಜು ಅದನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಸೋರಾಲೆನ್ ಮಾತ್ರೆ ನುಂಗಿದ ದಿನ ಬಸ್ಸಿನಲ್ಲಿ ಕುಳಿತವರಿಗೂ ತಂಪು ಕನ್ನಡಕ ಬೇಕು.