ರೋಟರಿ ಎಂಜಿನ್ನಿಗೆ ಎಷ್ಟು ದೊಡ್ಡ ಬಾಗಿಲು ಬೇಕು?

ಪೆಟ್ರೋಲ್ ಎಂಜಿನ್ನು ಎಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆಯೋ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಮಾತ್ರ ಉರಿಸಬಲ್ಲದು. ಆದ್ದರಿಂದ ಶಕ್ತಿ ಹೆಚ್ಚಿಸಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಗಾಳಿ ಒಳಬರುವ ದ್ವಾರದ ಮೇಲೆ. ಆ ದ್ವಾರವನ್ನು ಕೊರೆದು ದೊಡ್ಡದು ಮಾಡಿದರೆ ಶಕ್ತಿ ಹೆಚ್ಚುತ್ತದೆಯೇ? ಹೆಚ್ಚಬಹುದು, ಕಡಿಮೆಯೂ ಆಗಬಹುದು. ಎಂಜಿನ್ನು ಯಾವ ಕೆಲಸಕ್ಕೆ ಎಂಬುದನ್ನು ತಿಳಿಯದೆ ಉತ್ತರ ಹೇಳಲಾಗದು. ಈ ಮಾತನ್ನು ರೋಟರಿ ಎಂಜಿನ್ನಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು.

ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಅವರ ಹೆಸರಿನ ಈ ಎಂಜಿನ್ನು 1957ರಲ್ಲಿ ಮೊದಲ ಬಾರಿಗೆ ಓಡಿತು. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಬೆಂಗಳೂರಿನ ಎನ್.ಎ.ಎಲ್. ಮತ್ತು ಎ.ಡಿ.ಇ. ಸಂಸ್ಥೆಗಳು ಮಹಾರಾಷ್ಟ್ರದ ವಿ.ಆರ್.ಡಿ.ಇ. ಜೊತೆಗೂಡಿ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ನೊಂದನ್ನು ರೂಪಿಸಿದವು. 2009ರ ಏಪ್ರಿಲ್‌ನಲ್ಲಿ ಅದೇ ಎಂಜಿನ್ನಿನ ಬಲದಿಂದ 'ನಿಶಾಂತ್' ಎಂಬ ಚಾಲಕರಹಿತ ವಿಮಾನ ಕೋಲಾರದ ಬಳಿ ಹಾರಿತು.

ಈ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ನಡು ಸ್ವಲ್ಪ ಒಳಸರಿದ ಶೇಂಗಾಕಾಯಿಯಂಥ ಕೋಣೆ. ಅದರೊಳಗೆ ಸುತ್ತುವ ಮೂರು ಮೂಲೆಯ ರೋಟರ್. ರೋಟರಿನ ಮೂರು ಬದಿಗಳಲ್ಲಿ ಮೂರು ಅವಕಾಶಗಳು ಉಂಟಾಗುತ್ತವೆ. ರೋಟರ್ ಸುತ್ತಿದಂತೆ ಅವು ಹಿಗ್ಗುತ್ತ ಕುಗ್ಗುತ್ತ ಗಾಳಿಯನ್ನು ಎಳೆದು, ಒತ್ತಿ, ಉರಿಸಿ, ಹೊರದೂಡುತ್ತವೆ. ಇಲ್ಲಿ ವಾಲ್ವುಗಳೂ ಇಲ್ಲ. ಗೋಡೆಯಲ್ಲಿರುವ ರಂಧ್ರಗಳನ್ನು ರೋಟರೇ ಮುಚ್ಚುತ್ತದೆ, ತೆರೆಯುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳ ಟೂ-ಸ್ಟ್ರೋಕ್ ಎಂಜಿನ್ನನ್ನು ಬಿಚ್ಚಿ ನೋಡಿದವರಿಗೆ ಈ ಏರ್ಪಾಡು ಅರ್ಥವಾದೀತು. ಅಲ್ಲಿಯೂ ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ರಂಧ್ರದ ಅಂಚು ಎಲ್ಲಿದೆ ಎಂಬುದೇ ಅದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನಿರ್ಧರಿಸುತ್ತದೆ. ಅಂಚನ್ನು ಕೊರೆದರೆ ದಾರಿ ಅಗಲವಾಗುವುದಷ್ಟೇ ಅಲ್ಲ, ವೇಳೆಯೂ ಬದಲಾಗುತ್ತದೆ.

ದ್ವಾರ ತಡವಾಗಿ ಮುಚ್ಚಿದರೆ ಏನಾಗುತ್ತದೆ? ಎಂಜಿನ್ನು ವೇಗವಾಗಿ ಸುತ್ತುವಾಗ ಕೊಳವೆಯಲ್ಲಿ ನುಗ್ಗಿ ಬರುವ ಗಾಳಿಗೆ ರಭಸವಿರುತ್ತದೆ. ಒಳಗಿನ ಅವಕಾಶ ಕುಗ್ಗತೊಡಗಿದರೂ ಅದು ಒಳಗೆ ನುಗ್ಗುತ್ತಲೇ ಇರುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತದೆ. ನಿಧಾನವಾಗಿ ಸುತ್ತುವಾಗ ಆ ರಭಸ ಇರುವುದಿಲ್ಲ. ಒಳಬಂದ ಗಾಳಿಯಲ್ಲಿ ಒಂದಷ್ಟು ಅದೇ ದ್ವಾರದಿಂದ ಹಿಂದಕ್ಕೆ ಹೋಗುತ್ತದೆ.

ದ್ವಾರ ಬೇಗ ತೆರೆದರೆ ಇನ್ನೊಂದು ತೊಡಕು. ಹೊಗೆ ಹೊರಹೋಗುವ ದ್ವಾರ ಇನ್ನೂ ಮುಚ್ಚಿರುವುದಿಲ್ಲ. ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ವೇಗದಲ್ಲಿ ಹೊರಹೋಗುವ ಹೊಗೆಯ ಸೆಳೆತದಿಂದ ಹೊಸ ಗಾಳಿಗೆ ಅನುಕೂಲವಾಗಬಹುದು. ನಿಧಾನಗತಿಯಲ್ಲಿ ಹೊಗೆಯೇ ಹೊಸ ಗಾಳಿಯೊಡನೆ ಬೆರೆತು ಎಂಜಿನ್ನು ಮುಗ್ಗರಿಸುತ್ತದೆ, ಪೆಟ್ರೋಲ್ ವ್ಯರ್ಥವಾಗುತ್ತದೆ.

ಈಗ ಆಯ್ಕೆಗಳನ್ನು ನೋಡೋಣ. ಮಾಜ್ದಾ ಕಂಪನಿಯ ಕಾರುಗಳಲ್ಲಿ ಒಳದ್ವಾರಗಳು ಕೋಣೆಯ ಅಕ್ಕಪಕ್ಕದ ತಟ್ಟೆಗಳಲ್ಲಿರುತ್ತಿದ್ದವು. ಈ ದ್ವಾರದ ಅಂಚನ್ನು ಸ್ವಲ್ಪ ಕೊರೆದು ಹಿಗ್ಗಿಸುವುದು ಮೊದಲನೆಯ ಬಗೆ. ಇದಕ್ಕೆ 'ಸ್ಟ್ರೀಟ್ ಪೋರ್ಟ್' ಎನ್ನುತ್ತಾರೆ. ನಿಧಾನಗತಿಯ ಎಳೆತ ಸ್ವಲ್ಪ ಕಡಿಮೆಯಾದರೂ ರಸ್ತೆಯಲ್ಲಿ ನಡೆಸಬಹುದು. ಎರಡನೆಯದು 'ಬ್ರಿಡ್ಜ್ ಪೋರ್ಟ್'. ಮೂಲ ದ್ವಾರದ ಪಕ್ಕದಲ್ಲಿ ಹುಬ್ಬಿನ ಆಕಾರದ ಇನ್ನೊಂದು ಸೀಳು ಮಾಡಿ, ನಡುವೆ ಲೋಹದ ಒಂದು ಪಟ್ಟಿಯನ್ನು ಸೇತುವೆಯಂತೆ ಉಳಿಸುತ್ತಾರೆ. ರೋಟರಿನ ಸೀಲುಗಳು ಸೀಳಿನೊಳಗೆ ಬೀಳದಂತೆ ಈ ಪಟ್ಟಿ ತಡೆಯುತ್ತದೆ. ಮೂರನೆಯದು 'ಪೆರಿಫೆರಲ್ ಪೋರ್ಟ್': ದ್ವಾರವನ್ನು ಸುತ್ತುಗೋಡೆಯಲ್ಲೇ ಮಾಡುವುದು. ಗಾಳಿಗೆ ನೇರ ದಾರಿ, ಹೆಚ್ಚು ಹೊತ್ತು ತೆರೆದ ಬಾಗಿಲು, ಅತಿ ವೇಗದಲ್ಲಿ ಅತಿ ಹೆಚ್ಚು ಶಕ್ತಿ. ಆದರೆ ನಿಧಾನಗತಿಯಲ್ಲಿ ಇದರ ನಡಿಗೆ ತೀರ ಒರಟು.

1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದ ಮಾಜ್ದಾ 787ಬಿ ಕಾರಿನಲ್ಲಿದ್ದುದು ಈ ಮೂರನೆಯ ಬಗೆ. ಅದರ ನಾಲ್ಕು ರೋಟರಿನ ಎಂಜಿನ್ನು ನಿಮಿಷಕ್ಕೆ 9000 ಸುತ್ತಿನಲ್ಲಿ ಸುಮಾರು 700 ಅಶ್ವಶಕ್ತಿ ಕೊಡುತ್ತಿತ್ತು. ಕಡಿಮೆ ವೇಗದ ಕೊರತೆಯನ್ನು ತುಂಬಲು ಗಾಳಿಯ ಕೊಳವೆಗಳ ಉದ್ದವೇ ವೇಗಕ್ಕೆ ತಕ್ಕಂತೆ ಬದಲಾಗುವ ವ್ಯವಸ್ಥೆ ಇತ್ತು. ಅದೇ ಕಂಪನಿ 2003ರಲ್ಲಿ ಜನರ ಓಡಾಟಕ್ಕೆಂದು ಆರ್‌ಎಕ್ಸ್-8 ಕಾರನ್ನು ತಂದಾಗ, ಹೊಗೆಯ ದ್ವಾರವನ್ನೂ ಪಕ್ಕದ ತಟ್ಟೆಗೆ ಸರಿಸಿ, ಎರಡು ದ್ವಾರಗಳು ಒಟ್ಟಿಗೆ ತೆರೆದಿರುವುದನ್ನೇ ತಪ್ಪಿಸಿತು. ಒಂದೇ ಕಂಪನಿ, ಎರಡು ಕೆಲಸ, ಎರಡು ಬಗೆಯ ಬಾಗಿಲು.

ನಮ್ಮ ಊರಿಗೇ ಬರೋಣ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ವಾಹನ ವಿದ್ಯಾನಗರ, ಉಣಕಲ್, ನವನಗರ ಎಂದು ನಿಂತು ನಿಂತು ಸಾಗುತ್ತದೆ. ಅದಕ್ಕೆ ಬೇಕಾದದ್ದು ಕಡಿಮೆ ವೇಗದ ಎಳೆತ. ಇಂಥ ದಾರಿಗೆ ಮೂಲ ದ್ವಾರವೇ ಲೇಸು. ಬಹುಪಾಲು ಹೊತ್ತು ಒಂದೇ ವೇಗದಲ್ಲಿ ಓಡುವ ಎಂಜಿನ್ನಿನ ಲೆಕ್ಕ ಬೇರೆ. ಆ ಒಂದು ವೇಗಕ್ಕೆ ಹೊಂದುವಂತೆ ಅದರ ದ್ವಾರವನ್ನು ರೂಪಿಸಬಹುದು. ಇನ್ನೊಂದು ಮಾತು: ನಮ್ಮ ಅವಳಿನಗರ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇಕಡಾ 6ರಷ್ಟು ಕಡಿಮೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಶಕ್ತಿ ಅಳೆಯುವಾಗ ಅಂದಿನ ಉಷ್ಣತೆ ಮತ್ತು ವಾಯುಭಾರವನ್ನೂ ಬರೆದಿಡದಿದ್ದರೆ, ಮಂಗಳೂರಿನಲ್ಲಿ ಅಳೆದ ಅಂಕಿಗೆ ಇಲ್ಲಿಯದನ್ನು ಹೋಲಿಸಲು ಬಾರದು.

ಕೊರೆಯುವುದಕ್ಕೂ ಮಿತಿ ಇದೆ. ಪಕ್ಕದ ತಟ್ಟೆಯಲ್ಲಿ ಒಳಬದಿಗೆ ಹೆಚ್ಚು ಕೊರೆದರೆ ಎಣ್ಣೆಯ ಸೀಲು ಓಡುವ ಜಾಡು ಒಡೆದು ಎಣ್ಣೆ ಸೋರುತ್ತದೆ. ಹೊರಬದಿಗೆ ಹೆಚ್ಚು ಕೊರೆದರೆ ಮೂಲೆಯ ಸೀಲಿಗೆ ಆಧಾರ ತಪ್ಪುತ್ತದೆ. ಕೊರೆದ ಲೋಹವನ್ನು ಮತ್ತೆ ಅಂಟಿಸುವಂತಿಲ್ಲ, ತಟ್ಟೆಯನ್ನೇ ಬದಲಿಸಬೇಕಾದೀತು. ರಸ್ತೆಯ ವಾಹನವಾದರೆ ನೋಂದಣಿ ಪತ್ರದ ವಿವರಕ್ಕೆ ಹೊಂದದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಆದ್ದರಿಂದ ವಿದ್ಯಾರ್ಥಿಗಳು ಉಪಕರಣ ಹಿಡಿಯುವ ಮೊದಲು ಕಾಗದ ಹಿಡಿಯುವುದು ಒಳ್ಳೆಯದು. ಎಂಜಿನ್ನು ದಿನದ ಬಹುಭಾಗ ಯಾವ ವೇಗದಲ್ಲಿ ಓಡುತ್ತದೆ, ಎಷ್ಟು ಎಳೆತ ಬೇಕು, ಈಗ ದ್ವಾರ ಯಾವ ಕೋನದಲ್ಲಿ ತೆರೆದು ಯಾವ ಕೋನದಲ್ಲಿ ಮುಚ್ಚುತ್ತದೆ ಎಂಬುದನ್ನು ಬರೆದುಕೊಳ್ಳಿ. ಇಷ್ಟು ತಿಳಿದ ಮೇಲೆ ಅಂಚನ್ನು ಎಷ್ಟು ಸರಿಸಬೇಕು, ಅಥವಾ ಸರಿಸಲೇ ಬೇಕೇ ಎಂಬುದು ಲೆಕ್ಕದಿಂದಲೇ ತಿಳಿಯುತ್ತದೆ.